ಅಗ್ಗಿಷ್ಟಿಕೆಯ ಮರದ ಚೌಕಟ್ಟು

ಶೀತದೇಶವಾದ ಇಂಗ್ಲೆಂಡಿನ ಹಳೆಯ ಮನೆಗಳಲ್ಲಿ ಗೋಡೆಯೊಳಗೇ ಅಗ್ಗಿಷ್ಟಿಕೆಯಿರುವುದನ್ನು ನೀವು ಕಥೆಗಳಲ್ಲಿ ಓದಿರಬಹುದು. ಅದರ ಬಾಯಿಯ ಸುತ್ತ ಶೋಭೆಗಾಗಿ ಕೆತ್ತನೆಯ ಮರದ ಚೌಕಟ್ಟನ್ನು ನಿಲ್ಲಿಸುವುದುಂಟು. ಗಾರೆಯ ಗೋಡೆಗೆ ಅದನ್ನು ಬಿಗಿಯುವ ಬಗೆ ಹೇಗೆ?

ಚೌಕಟ್ಟಿನ ಭಾರವನ್ನು ನೆಲವು ಹೊರುವುದು. ಅದು ಮುಂದಕ್ಕೆ ಉರುಳದಂತೆ ಗೋಡೆಯು ಹಿಡಿಯಬೇಕು. ಆದರೆ ಗಾರೆಯು ಗೋಡೆಯ ಹೊದಿಕೆಯೇ ಹೊರತು ಬಲವಲ್ಲ. ಗಾರೆಯಲ್ಲಷ್ಟೇ ನೆಟ್ಟ ಮೊಳೆ ಸಡಿಲವಾಗಿ ಕಳಚುವುದು. ಆದುದರಿಂದ ಬಡಗಿಯು ರಸಮಟ್ಟವಿಟ್ಟು ಗುರುತುಮಾಡಿ, ಗಾರೆಯನ್ನು ದಾಟಿ ಇಟ್ಟಿಗೆಯವರೆಗೆ ರಂಧ್ರ ಕೊರೆದು, ಅದರಲ್ಲಿ ಬೆಣೆ ತುಂಬುವನು. ಬೆಣೆಗಳಿಗೆ ಮರದ ಪಟ್ಟಿಗಳನ್ನು ತಿರುಪುಮೊಳೆಗಳಿಂದ ಬಿಗಿದು, ಆ ಪಟ್ಟಿಗಳಿಗೆ ಚೌಕಟ್ಟನ್ನು ಜೋಡಿಸುವನು.

ಮರವು ಬೆಂಕಿಗೆ ಸಮೀಪವಿರಬಾರದು. ಅಮೆರಿಕದ ಮಾದರಿ ಕಟ್ಟಡ ನಿಯಮಗಳಂತೆ, ಅಗ್ಗಿಷ್ಟಿಕೆಯ ಬಾಯಿಯಿಂದ 6 ಅಂಗುಲದೊಳಗೆ ಉರಿಯುವ ವಸ್ತುವಿರಕೂಡದು. ಆ ಅಂತರವನ್ನು ಕಲ್ಲಿನಿಂದಲೋ ಸುಟ್ಟ ಮಣ್ಣಿನ ಬಿಲ್ಲೆಗಳಿಂದಲೋ ತುಂಬುವರು.

ಮನೆಯ ಮಕ್ಕಳು ಚಳಿ ಕಾಯಿಸುತ್ತ ಕುಳಿತುಕೊಳ್ಳುವುದು ಈ ಚೌಕಟ್ಟಿನ ಮುಂದೆಯೇ. ಆದುದರಿಂದ ಕೆತ್ತನೆಯ ಅಂದಕ್ಕಿಂತ ಮೊದಲು, ಹಿಂದೆ ಮರೆಯಾಗಿರುವ ಬೆಣೆ ತಿರುಪುಗಳ ಬಿಗಿಯನ್ನು ಪರೀಕ್ಷಿಸತಕ್ಕದ್ದು. ವಿದ್ಯಾರ್ಥಿಗಳೇ, ನಮ್ಮ ಮನೆಯ ಇಟ್ಟಿಗೆಗೋಡೆಗೆ ಪುಸ್ತಕದ ಹಲಗೆ ಕೂಡಿಸುವಾಗಲೂ ಮೊಳೆಯು ಇಟ್ಟಿಗೆಯನ್ನು ಮುಟ್ಟಿತೇ ಎಂದು ನೋಡಿರಿ.