ಮನೆಗೆ ಗಣಕಯಂತ್ರವನ್ನು ಎಲ್ಲಿ ಕೊಳ್ಳತಕ್ಕದ್ದು? — ಗೃಹಕೃತ್ಯದ ಒಂದು ಪಾಠ

ಅಕ್ಕಿಬೇಳೆಗಳನ್ನು ಆರಿಸುವ ಕ್ರಮವನ್ನೂ ಬಟ್ಟೆಯ ನೂಲನ್ನು ಪರೀಕ್ಷಿಸುವ ವಿಧವನ್ನೂ ಗೃಹಕೃತ್ಯದ ಪಾಠಗಳಲ್ಲಿ ನಾವು ಹುಡುಗಿಯರಿಗೆ ಕಲಿಸುತ್ತ ಬಂದಿರುವೆವು. ಈಗಲಾದರೋ ಎಷ್ಟೋ ಸಾಧಾರಣ ಸಂಸಾರಗಳಲ್ಲಿ ಇವೆಲ್ಲಕ್ಕಿಂತಲೂ ಹೆಚ್ಚಿನ ಹಣವು ಒಂದೇ ಸಲಕ್ಕೆ ವ್ಯಯವಾಗುವುದು ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಕೊಳ್ಳುವ ಕಂಪ್ಯೂಟರಿಗಾಗಿಯೇ. ಆ ಹಣವು ತಾಯಿಯು ಕಾಸಿಗೆ ಕಾಸು ಕೂಡಿಸಿದ್ದಾಗಿರಬಹುದು, ಇಲ್ಲವೆ ಸ್ವಸಹಾಯ ಸಂಘದಿಂದ ಸಾಲ ತಂದದ್ದಾಗಿರಬಹುದು. ಅದು ವ್ಯರ್ಥವಾದರೆ ಮತ್ತೆ ಕೂಡಿಸುವಷ್ಟರಲ್ಲಿ ಹುಡುಗಿಯ ಓದಿನ ವರುಷಗಳೇ ಕಳೆದುಹೋಗುವುವು. ಆದಕಾರಣ ಅದನ್ನು ಎಲ್ಲಿ ಕೊಳ್ಳತಕ್ಕದ್ದೆಂಬುದೂ ಒಂದು ಪಾಠವಾಗಲು ಯೋಗ್ಯವೆಂದೆಣಿಸಿ, ಹಳೆಯ ವಿದ್ಯಾರ್ಥಿನಿಯರೂ ತಾಯಂದಿರೂ ಓದುವ ಈ ಸಂಚಿಕೆಯಲ್ಲಿ ಬರೆಯುತ್ತೇವೆ.

ಅಂಗಡಿಯನ್ನು ಆರಿಸುವಾಗ "ಎಲ್ಲಿ ಅಗ್ಗ?" ಎಂದು ಕೇಳುವುದಕ್ಕಿಂತ ಮುಂಚೆ, "ಇದು ಕೆಟ್ಟ ದಿನ ಉತ್ತರ ಕೊಡುವವರು ಯಾರು? ಅವರು ನಮ್ಮ ಮನೆಯಿಂದ ಎಷ್ಟು ದೂರ?" ಎಂದು ಕೇಳಬೇಕು. ಪಾತ್ರೆಯು ಸೋರಿದರೆ ಊರಿನ ಕಲಾಯಿಗಾರನು ಬೆಸೆದುಕೊಡುವನು. ಗಣಕಯಂತ್ರದ ಹೊಣೆಯಾದರೋ ವಾರಂಟಿ ಎಂಬ ಪತ್ರದ ಪ್ರಕಾರ ಒಬ್ಬ ಹೊಣೆಗಾರನ ಮೇಲೆ, ನಿಯಮಿತ ಕಾಲದ ವರೆಗೆ ಮಾತ್ರ ಇರುವುದು. ಆ ಹೊಣೆಗಾರನು ಯಾರೆಂಬುದು ಕೊಳ್ಳುವ ಸ್ಥಳವನ್ನನುಸರಿಸಿ ಬೇರೆಯಾಗುವುದು. ಆ ಸ್ಥಳಗಳನ್ನು ಒಂದೊಂದಾಗಿ ನೋಡೋಣ.

1. ಊರಿನ ಅಂಗಡಿ. ಇಲ್ಲಿ ಡೆಲ್, ಎಚ್.ಪಿ., ಲೆನೊವೊ ಮೊದಲಾದ ಕಂಪನಿಗಳು ಸಿದ್ಧಮಾಡಿದ ಯಂತ್ರಗಳು ಮಾರಲ್ಪಡುತ್ತವೆ. ಹೊಣೆಯು ಕಂಪನಿಯದು. ಪ್ರತಿಯೊಂದು ಯಂತ್ರಕ್ಕೂ ಒಂದು ಕ್ರಮಸಂಖ್ಯೆ ಉಂಟು. ಅದನ್ನು ಕಂಪನಿಯ ಜಾಲತಾಣದಲ್ಲಿ ಒತ್ತಿ ನೋಡಿದರೆ ವಾರಂಟಿಯು ಎಂದಿನ ವರೆಗೆಂದು ತಿಳಿಯುವುದು. ಹಣ ಕೊಡುವ ಮೊದಲು ಕೀಲಿಗಳನ್ನು ಒತ್ತಿ, ಪರದೆಯನ್ನು ಕಣ್ಣಾರೆ ನೋಡಬಹುದು. ಕ್ರಯವು ಬೇರೆ ಕಡೆಗಿಂತ ತುಸು ಹೆಚ್ಚಾಗಿರಬಹುದು. ದುರಸ್ತಿಗಾರನು ಮನೆಗೆ ಬರುವನೋ, ಯಂತ್ರವನ್ನು ನಾವೇ ಒಯ್ಯಬೇಕೋ ಎಂಬುದನ್ನು ಇಲ್ಲಿಯೇ ಕೇಳಿಕೊಳ್ಳತಕ್ಕದ್ದು. ಶಿವಮೊಗ್ಗದ ಒಂದು ಮನೆಯವರು ದುರಸ್ತಿಗಾಗಿ ಬೆಂಗಳೂರಿಗೇ ಹೋಗಬೇಕಾಗಿ ಬಂದಿತೆನ್ನೋಣ. ದಾರಿಯು ಸುಮಾರು 300 ಕಿಲೋಮೀಟರು. ಕೊಟ್ಟು ಬರುವುದಕ್ಕೊಮ್ಮೆ, ತರುವುದಕ್ಕೊಮ್ಮೆ ಹೋಗಿಬಂದರೆ 1,200 ಕಿಲೋಮೀಟರು. ಅಗ್ಗದಲ್ಲಿ ಉಳಿದ ಹಣವು ಆ ದಾರಿಯಲ್ಲಿಯೇ ಕರಗುವುದು.

2. ದೊಡ್ಡ ಪೇಟೆ. ಬೆಂಗಳೂರಿನ ಎಸ್.ಪಿ. ರಸ್ತೆ, ಚೆನ್ನೈಯ ರಿಚಿ ಸ್ಟ್ರೀಟ್, ಮುಂಬಯಿಯ ಲ್ಯಾಮಿಂಗ್ಟನ್ ರೋಡ್, ದಿಲ್ಲಿಯ ನೆಹರೂ ಪ್ಲೇಸ್ ಇವು ಇದಕ್ಕೆ ಹೆಸರಾದವು. ಬಿಡಿಭಾಗಗಳನ್ನು ಆರಿಸಿ ಮೇಜಿನ ಕಂಪ್ಯೂಟರನ್ನು ಇಲ್ಲಿ ಕೂಡಿಸಿಕೊಡುವರು. ಮುಂದೆ ಒಂದು ಭಾಗವು ಕೆಟ್ಟರೆ ಅದನ್ನಷ್ಟೇ ಬದಲಿಸಬಹುದೆಂಬುದು ದೊಡ್ಡ ಲಾಭ. ಆದರೆ ಇಲ್ಲಿ ಇಡೀ ಯಂತ್ರಕ್ಕೆ ಒಬ್ಬ ಹೊಣೆಗಾರನಿಲ್ಲ; ಭಾಗಭಾಗಕ್ಕೆ ಬೇರೆ ಬೇರೆ ವಾರಂಟಿ. ಆದದರಿಂದ ಪ್ರತಿಯೊಂದು ಭಾಗದ ಹೆಸರೂ ಕ್ರಮಸಂಖ್ಯೆಯೂ ರಸೀದಿಯಲ್ಲಿ ಬರೆಯಲ್ಪಡಬೇಕು. ಪರವಾನಗಿಯಿಲ್ಲದ ವಿಂಡೋಸನ್ನು ಪುಕ್ಕಟೆಯಾಗಿ ಹಾಕಿಕೊಡುವೆವೆಂದರೆ ಒಪ್ಪಬಾರದು. ಹಣ ಸಾಲದಿದ್ದರೆ ನ್ಯಾಯವಾಗಿಯೇ ಉಚಿತವಾಗಿ ದೊರೆಯುವ ಉಬುಂಟು ಮುಂತಾದವುಗಳುಂಟು.

3. ಅಂತರ್ಜಾಲದ ಅಂಗಡಿ. ಹಲವು ಕ್ರಯಗಳನ್ನು ಮನೆಯಲ್ಲಿಯೇ ಕುಳಿತು ಹೋಲಿಸಬಹುದು. ಆದರೆ ಜಾಲತಾಣದವನು ಬೇರೆ, ಮಾರುವವನು ಬೇರೆ ಆಗಿರುವುದು ಸಾಮಾನ್ಯ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಮಾರುವವನ ಹೆಸರು ವಿಳಾಸಗಳು ತಾಣದಲ್ಲಿ ತೋರಿಸಲ್ಪಡಬೇಕು; ದೂರು ತಲಪಿದ್ದನ್ನು 48 ಗಂಟೆಗಳೊಳಗೆ ಒಪ್ಪಿಕೊಂಡು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹಿಂದಿರುಗಿಸುವ ಷರತ್ತುಗಳನ್ನು ಕೊಳ್ಳುವ ಮೊದಲೇ ಓದಿಕೊಳ್ಳಬೇಕು. ಬದಲಿ ಯಂತ್ರವನ್ನಲ್ಲದೆ ಹಣವನ್ನು ಹಿಂದಕ್ಕೆ ಕೊಡುವುದಿಲ್ಲವೆಂಬ ಷರತ್ತೂ ಇರುವುದುಂಟು. ಪೆಟ್ಟಿಗೆಯನ್ನು ಬಿಚ್ಚುವುದನ್ನು ಫೋನಿನಲ್ಲಿ ಚಿತ್ರಿಸಿಟ್ಟರೆ ತರುವಾಯ ಸಾಕ್ಷಿಯಾಗುವುದು.

4. ಉಪಯೋಗಿಸಿದ ಯಂತ್ರ. ಬಡ ಮನೆಗಳಿಗೆ ಇದೂ ಒಳ್ಳೆಯದೇ. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನವರ ಸಾಮಾನ್ಯ ಬೆಂಬಲವು 2025ನೆಯ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ರಕ್ಷಣಾ ವ್ಯವಸ್ಥೆಯು ಬೇಕು. ಇಂಟೆಲ್ ಯಂತ್ರಗಳಲ್ಲಿ ಹೆಚ್ಚಾಗಿ ಎಂಟನೆಯ ತಲೆಮಾರಿನವೂ ಅನಂತರದವೂ ಮಾತ್ರ ಅದಕ್ಕೆ ಸಲ್ಲುವುವು. ಇದನ್ನು ವಿಚಾರಿಸದೆ ಕೊಂಡರೆ ಅಗ್ಗದ ಯಂತ್ರವು ಬೇಗನೆ ನಿರುಪಯೋಗವಾದೀತು. ಮಾರುವವನು ಬರೆದುಕೊಡುವ ವಾರಂಟಿಯೆಷ್ಟೆಂದೂ ಕೇಳಬೇಕು.

ಈ ನಾಲ್ಕರಲ್ಲಿ ಯಾವುದಾದರೂ ಆಗಲಿ, ರಸೀದಿಯನ್ನು ಬಿಡಕೂಡದು. "ಬಿಲ್ಲು ಬೇಡವೆಂದರೆ ಕಡಿಮೆಗೆ ಕೊಡುತ್ತೇನೆ" ಎನ್ನುವವರುಂಟು. ಲೆಕ್ಕವನ್ನು ನೋಡಿರಿ: ಯಂತ್ರದ ಮೂಲ ಕ್ರಯ 35,000 ರೂಪಾಯಿಯಾದರೆ, ಶೇಕಡಾ 18ರಂತೆ ಸರಕು ಮತ್ತು ಸೇವಾ ತೆರಿಗೆ 6,300, ಒಟ್ಟು 41,300. ಬಿಲ್ಲಿಲ್ಲದೆ ಉಳಿಯುವಂತೆ ಕಾಣುವುದು ಆ 6,300. ಆದರೆ ಅದರೊಂದಿಗೆ ವಾರಂಟಿಯನ್ನು ಕೇಳುವುದಕ್ಕಿರುವ ಆಧಾರವೂ, ದೂರು ಕೊಡುವುದಕ್ಕಿರುವ ಸಾಕ್ಷಿಯೂ ಹೋಗುವುವು. ಅಂದರೆ 6,300ಕ್ಕಾಗಿ ಉಳಿದ 35,000ವನ್ನು ಅಪಾಯಕ್ಕೆ ಒಡ್ಡಿದಂತಾಯಿತು. ಸರಕಾರಕ್ಕೆ ಸಲ್ಲತಕ್ಕ ತೆರಿಗೆಯನ್ನು ಮರೆಮಾಚುವುದು ತಪ್ಪೆಂಬುದನ್ನು ಹುಡುಗಿಯರಿಗೆ ಬೇರೆಯಾಗಿ ಹೇಳಬೇಕಾಗಿಲ್ಲ.

2019ರ ಗ್ರಾಹಕ ಸಂರಕ್ಷಣಾ ಕಾನೂನು ಬಿಲ್ಲು ಕೊಡದಿರುವುದನ್ನು ಅನುಚಿತ ವ್ಯಾಪಾರ ಪದ್ಧತಿಯೆಂದು ಹೇಳುತ್ತದೆ. ದೋಷವುಳ್ಳ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿಯನ್ನು ಹೇಳದಿದ್ದರೆ 30 ದಿನಗಳೊಳಗೆ, ಹಿಂದಕ್ಕೆ ತೆಗೆದುಕೊಳ್ಳದಿರುವುದೂ ಹಾಗೆಯೇ. ಇನ್ನೊಂದು ಉಪಕಾರವೇನೆಂದರೆ, ಮಾರಿದವನು ಎಲ್ಲಿಯೇ ಇರಲಿ, ಕೊಂಡವರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲಿಯೇ ದೂರು ಕೊಡಬಹುದು. ಕೊಟ್ಟ ಬೆಲೆಯು 5 ಲಕ್ಷ ರೂಪಾಯಿಯ ವರೆಗಿದ್ದರೆ ದೂರಿಗೆ ಶುಲ್ಕವಿಲ್ಲ. ಅವಧಿಯು ಎರಡು ವರುಷ. ಅದಕ್ಕೆ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಿ ಕೇಳಬಹುದು.

ಹಾಗಾದರೆ ನಮ್ಮ ಅಭಿಪ್ರಾಯವೇನು? ಮನೆಯಲ್ಲಿ ಯಂತ್ರವನ್ನು ಬಲ್ಲವರು ಯಾರೂ ಇಲ್ಲದಿದ್ದರೆ, ತುಸು ಹೆಚ್ಚು ತೆತ್ತಾದರೂ ದುರಸ್ತಿ ಕೇಂದ್ರವು ಹತ್ತಿರವಿರುವ ಕಂಪನಿಯ ಯಂತ್ರವನ್ನು ಊರಿನ ಅಂಗಡಿಯಲ್ಲಿ ಕೊಳ್ಳುವುದು ಲೇಸು. ಬಿಚ್ಚಿ ಜೋಡಿಸಬಲ್ಲ ಮಗನೋ ಮಗಳೋ ಇರುವ ಮನೆಗೆ ದೊಡ್ಡ ಪೇಟೆಯು ಒಪ್ಪುವುದು. ದುರಸ್ತಿ ಕೇಂದ್ರವು ಸಮೀಪದಲ್ಲಿದೆಯೆಂದು ನಿಶ್ಚಯವಾದ ಮೇಲೆ ಅಂತರ್ಜಾಲದಲ್ಲಿ ಕೊಂಡರೂ ಬಾಧೆಯಿಲ್ಲ.

ಅಭ್ಯಾಸ: ಹುಡುಗಿಯರು ಒಂದು ಹಾಳೆಯಲ್ಲಿ ಮೂರು ಸಾಲುಗಳನ್ನು ಎಳೆದು, ಮೂರು ಅಂಗಡಿಗಳನ್ನು ವಿಚಾರಿಸಿ, ತೆರಿಗೆ ಸಹಿತವಾದ ಕ್ರಯವನ್ನೂ ವಾರಂಟಿಯ ಅವಧಿಯನ್ನೂ ದುರಸ್ತಿ ಸ್ಥಳದ ದೂರವನ್ನೂ ಬರೆಯಲಿ. ಆ ಹಾಳೆಯನ್ನು ತಂದೆತಾಯಿಗಳ ಮುಂದಿಟ್ಟು, ತಾನು ಯಾವುದನ್ನು ಆರಿಸಿದೆನೆಂಬುದಕ್ಕೆ ಪ್ರತಿಯೊಬ್ಬಳೂ ಕಾರಣಗಳನ್ನು ಹೇಳಲಿ.