ಹಾಸಿಗೆಯ ಪ್ರಮಾರ್ಜನ ಮತ್ತು ತಿಗಣೆಯ ಪ್ರಶ್ನೆ

ಅಷ್ಟಮೀ ಚತುರ್ದಶೀ ಪರ್ವಗಳಲ್ಲಿ ಶ್ರಾವಕನು ಕೈಕೊಳ್ಳುವ ಪ್ರೋಷಧೋಪವಾಸಕ್ಕೆ ಶಾಸ್ತ್ರದಲ್ಲಿ ಐದು ಅತಿಚಾರಗಳು ಹೇಳಲ್ಪಟ್ಟಿವೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿಯೂ, ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರದಲ್ಲಿಯೂ ಇವು ಬರುತ್ತವೆ. ನೋಡದೆ ಒರಸದೆ ನೆಲದಲ್ಲಿ ಮಲಮೂತ್ರಾದಿಗಳನ್ನು ಬಿಡುವುದು ಒಂದು. ಹಾಗೆಯೇ ಪೂಜೋಪಕರಣ, ವಸ್ತ್ರಾದಿಗಳನ್ನು ತೆಗೆದುಕೊಳ್ಳುವುದು ಎರಡನೆಯದು. ನೋಡದೆ ಒರಸದೆ ಹಾಸಿಗೆಯನ್ನು ಹಾಸುವುದು ಮೂರನೆಯದು. ವ್ರತದಲ್ಲಿ ಅನಾದರ ಮತ್ತು ವಿಸ್ಮರಣೆಗಳು ಉಳಿದ ಎರಡು. ಇವುಗಳಲ್ಲಿ ಮೂರನೆಯದನ್ನು ಓದಿದವರು ಅದು ಹುಲ್ಲಿನ ಹಾಸಿಗೆಯ ಕಾಲದ ಮಾತೆಂದು ಎಣಿಸಿ ಮುಂದೆ ಸಾಗುವುದೇ ಹೆಚ್ಚು. ಆದರೆ ನಗರದ ಅಪಾರ್ಟ್‌ಮೆಂಟಿನಲ್ಲಿ ವಾಸಿಸುವ ಗೃಹಸ್ಥನಿಗೆ ಐದರಲ್ಲಿ ಇದರಷ್ಟು ಸಮೀಪವಾದ ಅತಿಚಾರ ಮತ್ತೊಂದಿಲ್ಲ. ಕಾರಣ, ತಿಗಣೆ.

ಪೂಜ್ಯಪಾದಾಚಾರ್ಯರು ಸರ್ವಾರ್ಥಸಿದ್ಧಿಯಲ್ಲಿ ಇಲ್ಲಿನ ಎರಡು ಶಬ್ದಗಳನ್ನು ಬಿಡಿಸಿ ತೋರಿಸಿದ್ದಾರೆ. ಜೀವಿಗಳು ಇವೆಯೋ ಇಲ್ಲವೋ ಎಂದು ಕಣ್ಣಿನಿಂದ ಪರೀಕ್ಷಿಸುವುದು ಪ್ರತ್ಯವೇಕ್ಷಣ. ಮೃದುವಾದ ಉಪಕರಣದಿಂದ ಒರಸುವುದು ಪ್ರಮಾರ್ಜನ. ಮೊದಲು ಕಣ್ಣು, ಆಮೇಲೆ ಕೈ. ಈ ಕ್ರಮವನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಇಂದಿನ ಕೀಟತಜ್ಞರು ತಿಗಣೆಯ ವಿಷಯದಲ್ಲಿ ಮೊದಲು ಹೇಳುವ ಮಾತೂ ಇದೇ.

ಸಂಸ್ಕೃತದಲ್ಲಿ ಮತ್ಕುಣವೆಂದು ಕರೆಯಲ್ಪಡುವ ಈ ಜೀವಿಯನ್ನು ಕುಂದಕುಂದಾಚಾರ್ಯರು ಪಂಚಾಸ್ತಿಕಾಯದಲ್ಲಿ ಹೇನು, ಇರುವೆ, ಚೇಳುಗಳೊಡನೆ ಹೆಸರಿಸಿ ತ್ರೀಂದ್ರಿಯ ಜೀವಿಗಳ ಸಾಲಿನಲ್ಲಿಟ್ಟಿದ್ದಾರೆ. ಅದು ತ್ರಸಜೀವಿ, ಸ್ಪರ್ಶ, ರಸ, ಗಂಧಗಳನ್ನು ಅರಿಯುವಂಥದು. ಮಲಗಿದವನ ದೇಹದ ಶಾಖ, ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್, ಮೈಯ ವಾಸನೆ ಇವುಗಳ ಜಾಡು ಹಿಡಿದು ಅದು ಕತ್ತಲೆಯಲ್ಲಿ ಬರುತ್ತದೆ. ಐದರಿಂದ ಹತ್ತು ನಿಮಿಷ ರಕ್ತವನ್ನು ಹೀರಿ ಮತ್ತೆ ಸಂದಿಗೆ ಸೇರುತ್ತದೆ. ಅದಕ್ಕೆ ರೆಕ್ಕೆಯಿಲ್ಲ, ಜಿಗಿಯಲೂ ಬಾರದು. ಬೆಳೆದ ತಿಗಣೆ ತೊಗರಿಬೇಳೆಯಷ್ಟು, ಎಂದರೆ ಸುಮಾರು 5 ಮಿಲಿಮೀಟರ್. ಮೊಟ್ಟೆ 1 ಮಿಲಿಮೀಟರ್, ಬಿಳಿ, ಬಿರುಕಿನಲ್ಲಿ ಅಂಟಿಕೊಂಡಿರುತ್ತದೆ. ಬೆಚ್ಚಗಿನ ಹವೆಯಲ್ಲಿ ಮೊಟ್ಟೆ ಸುಮಾರು 6ರಿಂದ 10 ದಿನಗಳಲ್ಲಿ ಒಡೆಯುತ್ತದೆ. ಮರಿಯು ಐದು ಬಾರಿ ಪೊರೆ ಕಳಚಿ, ಪ್ರತಿಸಲವೂ ಅದಕ್ಕೆ ಮುನ್ನ ರಕ್ತಾಹಾರ ಪಡೆದು, ಸುಮಾರು ಒಂದೂವರೆ ತಿಂಗಳಲ್ಲಿ ಬೆಳೆದು ನಿಲ್ಲುತ್ತದೆ. ಒಂದು ಹೆಣ್ಣು ತನ್ನ ಆಯುಷ್ಯದಲ್ಲಿ ಇನ್ನೂರಕ್ಕೂ ಮಿಕ್ಕಿ ಮೊಟ್ಟೆಯಿಡಬಲ್ಲದು. ಆಹಾರವಿಲ್ಲದೆಯೂ ತಿಂಗಳುಗಟ್ಟಲೆ ಬದುಕಬಲ್ಲದು. ಆದುದರಿಂದ ಮನೆಗೆ ಬೀಗ ಹಾಕಿ ಊರಿಗೆ ಹೋಗಿ ಬಂದರೆ ತಿಗಣೆ ಹೋಗಿರುತ್ತದೆಂಬುದು ಬರಿಯ ಭ್ರಮೆ. ಸಾಮಾನ್ಯ ಗೃಹಜೀವನದಲ್ಲಿ ಅದು ಮನುಷ್ಯರಿಗೆ ರೋಗವನ್ನು ಹರಡುವುದೆಂದು ಸಿದ್ಧಪಟ್ಟಿಲ್ಲ. ಅದು ಕೊಡುವುದು ತುರಿಕೆ, ನಿದ್ರಾಭಂಗ, ಮತ್ತು ಅದರಿಂದ ಹುಟ್ಟುವ ಆರ್ತಧ್ಯಾನ. ನಡುರಾತ್ರಿ ದೀಪ ಹಚ್ಚಿ ಚಪ್ಪಲಿ ಹಿಡಿದು ಗೋಡೆಯ ಮೇಲೆ ಒಂದೊಂದನ್ನೇ ಹೊಸಕುತ್ತ ಎಣಿಸುವವನ ಮನಸ್ಸು ರೌದ್ರಧ್ಯಾನದಿಂದ ಎಷ್ಟು ದೂರದಲ್ಲಿದೆ ಎಂಬುದನ್ನು ಅವನೇ ಬಲ್ಲ.

ಹಿಂದಿನ ಒಂಟಿಮನೆಗಳಲ್ಲಿ ಈ ಕಷ್ಟ ಆ ಮನೆಯದಷ್ಟೇ ಆಗಿತ್ತು. ಅಪಾರ್ಟ್‌ಮೆಂಟಿನಲ್ಲಿ ಹಾಗಲ್ಲ. ಒಂದೇ ಗೋಡೆಗೆ ಎರಡು ಮನೆಗಳ ಮಂಚಗಳು ಆತಿರುತ್ತವೆ. ವಿದ್ಯುತ್ತಿನ ತಂತಿ ಹಾಯುವ ಕೊಳವೆ, ನೀರಿನ ಪೈಪಿನ ಸುತ್ತಲಿನ ಸಂದು, ಸ್ವಿಚ್‌ಬೋರ್ಡಿನ ಹಿಂಬದಿ, ಬಾಗಿಲಿನ ಕೆಳಗಿನ ಎಡೆ ಇವೆಲ್ಲ ತಿಗಣೆಗೆ ಬೀದಿಗಳೇ ಸರಿ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲಕತ್ವ ಕಾನೂನು ಸಾಮಾನ್ಯ ಭಾಗಗಳನ್ನು ಎಲ್ಲ ಮಾಲಕರ ಅವಿಭಕ್ತ ಸ್ವತ್ತೆಂದು ಎಣಿಸುತ್ತದೆ. ತಿಗಣೆಯಾದರೋ ಇಡೀ ಕಟ್ಟಡವನ್ನೇ ಅವಿಭಕ್ತ ಸ್ವತ್ತೆಂದು ಭಾವಿಸಿರುತ್ತದೆ. ಇದು ಬಡ ಊರುಗಳ ಕೊಳಕಿನಿಂದ ಬರುವ ಪೀಡೆಯೆಂದು ಯಾರೂ ತಿಳಿಯಬೇಕಾಗಿಲ್ಲ. 2023ರಲ್ಲಿ ಪ್ಯಾರಿಸ್ ನಗರವೇ ತಿಗಣೆಯ ಭಯದಿಂದ ತಲ್ಲಣಿಸಿತು. ತಿಗಣೆಗೆ ಬೇಕಾದುದು ಮಲಗುವ ಮನುಷ್ಯ ಮತ್ತು ಒಂದು ಸಂದು, ಕಸವಲ್ಲ.

ಬೆಂಗಳೂರಿನ ನಾಲ್ಕು ಅಂತಸ್ತಿನ ಒಂದು ಕಟ್ಟಡದಲ್ಲಿ ವ್ರತನಿಷ್ಠವಾದ ಒಂದು ಜೈನ ಕುಟುಂಬವನ್ನು ಉದಾಹರಣೆಗಾಗಿ ಕಲ್ಪಿಸಿಕೊಳ್ಳಬಹುದು. ಆಷಾಢದಲ್ಲಿ ಮಗನು ಯಾರೋ ಮಾರುತ್ತಿದ್ದ ಹಳೆಯ ದಿವಾನ ಮಂಚವೊಂದನ್ನು ಕಡಿಮೆ ಬೆಲೆಗೆ ಕೊಂಡು ತರುತ್ತಾನೆ. ಶ್ರಾವಣದಲ್ಲಿ ಮೊಮ್ಮಗುವಿನ ತೋಳಿನ ಮೇಲೆ ಸಾಲಾಗಿ ಕೆಂಪು ದದ್ದುಗಳು ಏಳುತ್ತವೆ. ಸೊಳ್ಳೆಯೆಂದು ಎಲ್ಲರೂ ಸುಮ್ಮನಾಗುತ್ತಾರೆ. ಭಾದ್ರಪದದ ಆರಂಭದಲ್ಲಿ ಅಜ್ಜಿಯ ಚಾಪೆಯಲ್ಲಿಯೇ ತಿಗಣೆ ಕಾಣಿಸುತ್ತದೆ. ನಾಲ್ಕು ಜನರಿಗೆ ತಿಳಿದರೆ ಮಾನ ಹೋದೀತೆಂದು ನೆರೆಯವರಿಗೆ ಹೇಳುವುದಿಲ್ಲ. ಹಳೆಯ ಹತ್ತಿಯ ಹಾಸಿಗೆಯನ್ನು ಮಾತ್ರ ಕೆಳಗಿನ ಕಾವಲುಗಾರನಿಗೆ ಕೊಟ್ಟು, ಬಡವನಿಗೆ ದಾನವಾಯಿತೆಂದು ಸಮಾಧಾನಪಡುತ್ತಾರೆ. ಅಷ್ಟರಲ್ಲಿ ಮೇಲಿನ ಮನೆಯವರು ದೂರಿತ್ತು, ನಿವಾಸಿಗಳ ಸಂಘವು ಔಷಧ ಹೊಡೆಸಲು ದಿನವನ್ನು ಗೊತ್ತುಮಾಡುತ್ತದೆ. ಅದು ದಶಲಕ್ಷಣ ಪರ್ವದ ನಡುವೆ ಬೀಳುತ್ತದೆ. ಅಜ್ಜಿ ಉಪವಾಸದಲ್ಲಿದ್ದಾರೆ. ಮನೆಯವರು ಬಾಗಿಲು ತೆರೆಯಲೊಲ್ಲರು. ಸುತ್ತಲಿನ ಮನೆಗಳಿಗೆ ಮಾತ್ರ ಔಷಧ ಬೀಳುತ್ತದೆ. ಅಲ್ಲಿಂದ ಚದುರಿದ ಕೀಟಗಳಿಗೆ ಔಷಧವಿಲ್ಲದ ಮನೆ ಆಶ್ರಯವಾಗುತ್ತದೆ. ಆಶ್ವಯುಜದಲ್ಲಿ ಮೂರು ಅಂತಸ್ತುಗಳಿಗೆ ಮತ್ತೆ ಮತ್ತೆ ಔಷಧ ಹೊಡೆಯಬೇಕಾಗುತ್ತದೆ.

ಇಲ್ಲಿ ದೋಷವೆಲ್ಲಿ? ಪರ್ವಕಾಲದಲ್ಲಿ ಬಾಗಿಲು ತೆರೆಯದಿದ್ದುದರಲ್ಲಿ ಎಂದು ಸಂಘದವರು ಹೇಳುವರು. ಆದರೆ ಪರ್ವದ ದಿನ ಜೀವಹಿಂಸೆಗೆ ಹಿಂಜರಿಯುವ ಮನಸ್ಸು ದೂಷ್ಯವಲ್ಲ. ದೋಷವಿರುವುದು ಅದಕ್ಕೆ ಹಿಂದಿನ ನಲವತ್ತು ದಿನಗಳಲ್ಲಿ. ಕೊಂಡು ತಂದ ಮಂಚವನ್ನು ನೋಡಲಿಲ್ಲ, ಒರಸಲಿಲ್ಲ. ಆ ನಡುವೆ ಬಂದ ಒಂದು ಪರ್ವದಲ್ಲಿಯೂ ಹಾಸಿಗೆಯನ್ನು ಮಗುಚಲಿಲ್ಲ. ಶಾಸ್ತ್ರಕಾರರು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿಟ್ಟಿದ್ದಾರೆ. ಹತ್ತು ಜೀವಿಗಳಿದ್ದ ಕಡೆ ಸಾವಿರವಾಗಲು ಎಡೆಗೊಟ್ಟು, ಆ ಸಾವಿರದ ನಾಶಕ್ಕೆ ಕಾರಣವಾದುದು ಆ ಪ್ರಮಾದವೇ. ಕಾವಲುಗಾರನಿಗೆ ಕೊಟ್ಟ ಹಾಸಿಗೆಯ ವಿಷಯವಂತೂ ಹೇಳುವುದೇ ಬೇಡ. ತಾನು ಮಲಗಲಾರದ ಹಾಸಿಗೆಯನ್ನು ಸತ್ಯವನ್ನು ಮರೆಸಿ ಇನ್ನೊಬ್ಬನಿಗೆ ಕೊಡುವುದು ದಾನವೆನಿಸದು. ಅದು ಅಹಿಂಸಾಣುವ್ರತಕ್ಕೂ ಸತ್ಯಾಣುವ್ರತಕ್ಕೂ ಒಟ್ಟಿಗೆ ತಗಲುವ ಕಳಂಕ.

ಶಂಕೆ: ಮನೆಯಲ್ಲಿ ತಿಗಣೆ ಈಗಾಗಲೇ ನೆಲೆಯೂರಿದ್ದರೆ ಅಣುವ್ರತಿಯು ಔಷಧ ಹೊಡೆಸಬಹುದೇ?

ಸಮಾಧಾನ: ಗೃಹಸ್ಥನ ಹಿಂಸೆಯನ್ನು ಸಂಕಲ್ಪೀ, ಆರಂಭೀ, ಉದ್ಯೋಗೀ, ವಿರೋಧೀ ಎಂದು ನಾಲ್ಕಾಗಿ ವಿಂಗಡಿಸುವುದುಂಟು. ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಅವನು ತ್ಯಜಿಸಿರುತ್ತಾನೆ. ಔಷಧ ಹೊಡೆಸುವುದನ್ನು ಕೆಲವರು ವಿರೋಧೀ ಹಿಂಸೆಯಲ್ಲಿ ಸೇರಿಸಿ ನಿಶ್ಚಿಂತರಾಗುತ್ತಾರೆ. ಕೆಲವರು ಇದು ಸಂಕಲ್ಪೀ ಹಿಂಸೆಯೇ ಎಂದು ಏನೂ ಮಾಡದೆ ಕುಳಿತುಬಿಡುತ್ತಾರೆ. ಮೊದಲನೆಯವರ ನಿಶ್ಚಿಂತೆ ತರವಲ್ಲ. ಸಂದಿಯಲ್ಲಿ ಅಡಗಿ ಕುಳಿತ ಜೀವಿಯನ್ನು ಆಕ್ರಮಣ ಮಾಡುವ ಶತ್ರುವಿಗೆ ಹೋಲಿಸುವುದು ಸುಲಭವಲ್ಲ. ಎರಡನೆಯವರ ನಿಷ್ಕ್ರಿಯತೆಯೂ ನಿರ್ದೋಷವಲ್ಲ. ಹಾಸಿಗೆ ಹಿಡಿದ ವೃದ್ಧರು, ಎಳೆಯ ಮಕ್ಕಳು, ನೆರೆಮನೆಯವರು ಅದರ ಫಲವನ್ನು ಉಣ್ಣುತ್ತಾರೆ. ಪೆಸ್ಟ್ ಕಂಟ್ರೋಲ್‌ನವರು ಮಾಡಿದರು, ತಾವೇನೂ ಮಾಡಲಿಲ್ಲವೆಂಬ ಮಾತಂತೂ ಸಲ್ಲದು. ಕೃತ, ಕಾರಿತ, ಅನುಮೋದನ ಮೂರೂ ಆಸ್ರವಕ್ಕೆ ದ್ವಾರಗಳೆಂಬುದು ಪಾಠಶಾಲೆಯ ಮಕ್ಕಳಿಗೂ ಗೊತ್ತು. ಮಾಡಿಸಲೇಬೇಕಾದ ಸ್ಥಿತಿ ಬಂದರೆ, ಅದು ಹಿಂಸೆಯೆಂದು ಒಪ್ಪಿ, ತಡಮಾಡದೆ, ಎಷ್ಟು ಅಲ್ಪದಲ್ಲಿ ಮುಗಿಯುವುದೋ ಅಷ್ಟರಲ್ಲಿ ಮುಗಿಸಿ, ಗುರುಗಳ ಸನ್ನಿಧಿಯಲ್ಲಿ ಆಲೋಚನೆ ಮಾಡಿ ಪ್ರಾಯಶ್ಚಿತ್ತವನ್ನು ಪಡೆಯುವುದೇ ಉಚಿತ. ದಿನಗಳ ವಿಷಯದಲ್ಲಿ ಪಂಚಾಂಗವನ್ನು ನೋಡಿ ದಶಲಕ್ಷಣ, ಅಷ್ಟಾಹ್ನಿಕ ಪರ್ವಗಳ ದಿನಾಂಕಗಳನ್ನು ಸಂಘದ ಕಾರ್ಯದರ್ಶಿಗೆ ವರ್ಷಾರಂಭದಲ್ಲಿಯೇ ಬರೆದು ಕೊಟ್ಟರೆ ಕೊನೆಯ ಗಳಿಗೆಯ ಮನಸ್ತಾಪಕ್ಕೆ ಎಡೆಯಿರುವುದಿಲ್ಲ.

ನಿರ್ದೋಷವೆಂದು ಜನರು ನಂಬಿರುವ ಕೆಲವು ಉಪಾಯಗಳನ್ನೂ ವಿಚಾರಿಸಬೇಕು. ಮಂಚದ ಕಾಲುಗಳನ್ನು ಸೀಮೆಎಣ್ಣೆಯ ಡಬ್ಬಿಯಲ್ಲಿ ಇಡುವ ಹಳೆಯ ಪದ್ಧತಿಯಲ್ಲಿ ಜೀವಿ ಅದರಲ್ಲಿ ಬಿದ್ದು ಸಾಯುತ್ತದೆ. ಒಣ ಬಟ್ಟಲಿನಲ್ಲಿ ಇಡಬಹುದಲ್ಲವೇ ಎಂದರೆ, ದಕ್ಷಿಣ ಭಾರತದಲ್ಲಿ ಕಾಣುವ ಉಷ್ಣವಲಯದ ತಿಗಣೆ ನುಣುಪಾದ ಗೋಡೆಯನ್ನೂ ಏರಬಲ್ಲದು. ಹಾಸಿಗೆಯನ್ನು ಮಹಡಿಯ ಬಿಸಿಲಿಗೆ ಹಾಕಿದರೆ ಮೇಲ್ಭಾಗ ಕಾಯುತ್ತದೆ. ಒಳಗಿನ ತಿಗಣೆ ನೆರಳಿನ ಮಗ್ಗುಲಿಗೆ ಸರಿಯುತ್ತದೆ. ಎಲ್ಲ ಹಂತದ ತಿಗಣೆಗಳೂ ಮೊಟ್ಟೆಗಳೂ ಅಳಿಯಲು ಸುಮಾರು 50 ಡಿಗ್ರಿ ಸೆಲ್ಸಿಯಸ್ ಶಾಖ ಒಳಗಿನವರೆಗೂ ಮುಟ್ಟಬೇಕು. ಅಳಿಯಲೆಂದೇ ಬಿಸಿಲಿಗೆ ಹಾಕುವವನು ಅಹಿಂಸಕನೂ ಅಲ್ಲ. ಡಿ.ಡಿ.ಟಿ.ಗೆ ತಿಗಣೆ ಬಗ್ಗದಿರುವುದು 1947ರಲ್ಲಿಯೇ ಹವಾಯಿ ದ್ವೀಪದಲ್ಲಿ ಕಂಡುಬಂದಿತು. ಇಂದಿನ ಅನೇಕ ಔಷಧಗಳಿಗೂ ಅದು ಒಗ್ಗಿಕೊಂಡಿದೆ. ಸಿಂಪಡಣೆಯಿಂದ ಮೊಟ್ಟೆಗಳು ಸಾಮಾನ್ಯವಾಗಿ ಉಳಿಯುವುದರಿಂದ ಎರಡು ವಾರದ ಅಂತರದಲ್ಲಿ ಎರಡು ಮೂರು ಬಾರಿ ಸಿಂಪಡಿಸಬೇಕಾಗುತ್ತದೆ. ಅಕ್ಕಪಕ್ಕದ, ಮೇಲಿನ, ಕೆಳಗಿನ ಮನೆಗಳನ್ನು ಒಟ್ಟಿಗೆ ಪರೀಕ್ಷಿಸದೆ ಒಂದೇ ಮನೆಗೆ ಹೊಡೆಸಿದರೆ ಅಷ್ಟೂ ಹಿಂಸೆ ವ್ಯರ್ಥವಾಗುತ್ತದೆ.

ಒಂದು ಎಚ್ಚರಿಕೆಯನ್ನು ಮಾತ್ರ ಒತ್ತಿ ಹೇಳಬೇಕಾಗಿದೆ. ದವಸದ ಉಗ್ರಾಣಗಳಿಗಾಗಿ ಇರುವ ಅಲ್ಯೂಮಿನಿಯಂ ಫಾಸ್ಫೈಡ್ ಗುಳಿಗೆಗಳನ್ನು ತಿಗಣೆಗೆಂದು ಯಾರಾದರೂ ಕೊಟ್ಟರೆ ವಾಸದ ಮನೆಯಲ್ಲಿ ಎಂದಿಗೂ ಇಡಬಾರದು. ಅವು ತೇವಕ್ಕೆ ಫಾಸ್ಫೀನ್ ಎಂಬ ವಿಷಾನಿಲವನ್ನು ಬಿಡುತ್ತವೆ. ಅದು ಗೋಡೆಯ ಸಂದುಗಳಿಂದ ನೆರೆಮನೆಗೂ ಹಾಯುತ್ತದೆ. ಇದರಿಂದ ಮಲಗಿದ್ದಲ್ಲಿಯೇ ಮನುಷ್ಯರು ಪ್ರಾಣ ಕಳೆದುಕೊಂಡ ಪ್ರಸಂಗಗಳಿವೆ. ತ್ರೀಂದ್ರಿಯದ ಭಯದಿಂದ ಪಂಚೇಂದ್ರಿಯಕ್ಕೆ ಆಪತ್ತು ತರುವುದು ಅವಿವೇಕದ ಪರಮಾವಧಿ.

ಆದಕಾರಣ ಗೃಹಸ್ಥನ ಕೈಯಲ್ಲಿ ನಿಜವಾಗಿ ಇರುವುದು ಪ್ರತ್ಯವೇಕ್ಷಣವೇ. ಅಷ್ಟಮಿ ಚತುರ್ದಶಿಗಳು ತಿಂಗಳಿಗೆ ನಾಲ್ಕು ಬರುತ್ತವೆ. ಎರಡರ ನಡುವಿನ ಅಂತರ ಸುಮಾರು ಆರರಿಂದ ಒಂಬತ್ತು ದಿನ. ತಿಗಣೆಯ ಒಂದು ಪೀಳಿಗೆ ಬೆಳೆಯಲು ಒಂದೂವರೆ ತಿಂಗಳು ಬೇಕು. ಪ್ರತಿ ಪರ್ವದ ಹಿಂದಿನ ದಿನ, ಏಕಭುಕ್ತಿಯ ಅನಂತರ ಹಗಲಿನ ಬೆಳಕಿರುವಾಗಲೇ ಹಾಸಿಗೆಯನ್ನು ನೋಡುವ ಮನೆಯಲ್ಲಿ ಒಂದು ಪೀಳಿಗೆಯೂ ಕಣ್ಣು ತಪ್ಪಿಸಿ ಪೂರ್ಣವಾಗಿ ಬೆಳೆಯುವುದು ಕಷ್ಟ. ಹಾಸಿಗೆಯ ಹೊಲಿಗೆಯ ಅಂಚು, ದಿಂಬಿನ ಮೂಲೆ, ಸುತ್ತಿಟ್ಟ ಚಾಪೆಯ ಒಳಸುತ್ತು, ಮಂಚದ ಕಾಲು ಚೌಕಟ್ಟಿಗೆ ಸೇರುವ ಸಂದು, ಸ್ಕ್ರೂವಿನ ಗುಳಿ, ತಲೆದೆಸೆಯ ಪ್ಲೈವುಡ್ಡಿನ ಹಿಂಬದಿ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಹಿಂಬದಿ ಇವುಗಳನ್ನು ಟಾರ್ಚ್ ಹಿಡಿದು ನೋಡಬೇಕು. ತಿಗಣೆ ಕಾಣದಿದ್ದರೂ ಮಸಿಯ ಚುಕ್ಕೆಗಳಂಥ ಕಲೆ, ತೆಳುವಾದ ಪೊರೆ ಕಂಡರೆ ಅದೇ ಗುರುತು. ಆಮೇಲೆ ಮೆತ್ತನೆಯ ಬಟ್ಟೆಯಿಂದ ಒರಸಬೇಕು, ಪೊರಕೆಯಿಂದ ಬಡಿಯಬಾರದು. ಮಂಚವನ್ನು ಗೋಡೆಯಿಂದ ಒಂದು ಗೇಣು ದೂರ ಸರಿಸಿ, ಹೊದಿಕೆ ನೆಲಕ್ಕೆ ತಾಗದಂತೆ ನೋಡಿಕೊಂಡು, ಗೋಡೆಯ ಬಿರುಕುಗಳನ್ನು ಖಾಲಿಯಿರುವಾಗಲೇ ಮೆತ್ತಿಸಿಬಿಟ್ಟರೆ ನೆಲೆಯೇ ತಪ್ಪುತ್ತದೆ. ಜೀವಿಗಳಿರುವಾಗ ಬಿರುಕನ್ನು ಮುಚ್ಚಿದರೆ ಅವುಗಳನ್ನು ಒಳಗೇ ಹೂಳಿದಂತೆ.

ಒಂದೆರಡು ಜೀವಿಗಳು ಸಿಕ್ಕಿದಾಗ ಬಟ್ಟೆಯಲ್ಲಿ ಮೆಲ್ಲಗೆ ತೆಗೆದು ಕಟ್ಟಡದಿಂದಾಚೆ, ಯಾರೂ ಮಲಗದ ಮರದ ಬುಡದಲ್ಲಿ ಬಿಡುವ ರೂಢಿಯಿದೆ. ಅಲ್ಲಿ ಅದು ಬಹುಕಾಲ ಬದುಕೀತೆಂದು ಹೇಳಲಾಗದು. ಆದರೂ ಒಂದನ್ನು ಹೀಗೆ ಬಿಡುವುದಕ್ಕೂ ಸಾವಿರವನ್ನು ವಿಷದಿಂದ ಕೊಲ್ಲಿಸುವುದಕ್ಕೂ ಪರಿಣಾಮದಲ್ಲಿ ಬಹಳ ಅಂತರವಿದೆ. ಮೆಟ್ಟಿಲಿನಲ್ಲಿಯೋ ಕಾವಲುಗಾರನ ಕೋಣೆಯ ಮಗ್ಗುಲಲ್ಲಿಯೋ ಬಿಡುವುದು ಮಾತ್ರ ಸಲ್ಲದು. ಅದೇ ದಿನ ಗೋಡೆಯಾಚೆಯ ಮನೆಯವರಿಗೆ ತಿಳಿಸಬೇಕು. ತಮ್ಮ ಮನೆಯಲ್ಲಿ ಇಂದು ತಿಗಣೆ ಕಂಡಿತು, ನೀವೂ ಒಮ್ಮೆ ನೋಡಿರೆಂದು ಹೇಳುವುದಕ್ಕೆ ನಾಚಿಕೆ ಅಡ್ಡ ಬರುತ್ತದೆ. ಆ ನಾಚಿಕೆ ಮಾನಕಷಾಯದ ಒಂದು ರೂಪವೇ.

ತೀರ್ಥಯಾತ್ರೆ, ಮದುವೆ, ದೂರದ ರೈಲು ಪ್ರಯಾಣಗಳಿಂದ ಬಂದಾಗ ಪೆಟ್ಟಿಗೆ ಚೀಲಗಳನ್ನು ಮಂಚದ ಮೇಲೆ ಇಡಬಾರದು. ಬರಿಯ ನೆಲದ ಮೇಲೆ, ಬಿಳಿಯ ಬಟ್ಟೆ ಹಾಸಿ, ಮಡಿಕೆ ಬಿಡಿಸಿ ನೋಡಿ, ಹೊಲಿಗೆಗಳನ್ನು ಒರಸಿ ಒಳಗೆ ಒಯ್ಯಬೇಕು. ಬಸದಿಯ ಧರ್ಮಶಾಲೆಯಲ್ಲಿ ಪ್ರೋಷಧವನ್ನು ಕಳೆಯುವವರು ತಮ್ಮ ಚಾಪೆಯನ್ನೇ ಒಯ್ದು, ಹಾಸುವಾಗ ಒಮ್ಮೆ, ಸುತ್ತುವಾಗ ಒಮ್ಮೆ, ಹೀಗೆ ಎರಡು ಬಾರಿ ನೋಡುವುದು ಲೇಸು. ಹಾಸುವಾಗ ನೋಡಿದುದರಿಂದ ಅಲ್ಲಿಯ ಜೀವಿಗೆ ರಕ್ಷಣೆ. ಸುತ್ತುವಾಗ ನೋಡಿದುದರಿಂದ ಮನೆಗೆ.