ಸಸಿ ತೊಟ್ಟೆಯ ಮಣ್ಣಿನಲ್ಲಿ ಹುಳು: ಗುರುತಿಸುವ ಬಗೆ

ನೆಡುವ ಮೊದಲು ಅಡಿಕೆ ಸಸಿಯ ತೊಟ್ಟೆ ಬಿಚ್ಚಿದಾಗ ಮಣ್ಣಿನಲ್ಲಿ ಹುಳುಗಳು ಕಾಣುವುದು ಬಾರ್ಕೂರು, ಬ್ರಹ್ಮಾವರ ಸುತ್ತಿನ ಬೆಳೆಗಾರರಿಗೆ ಹೊಸತಲ್ಲ. ಕಂಡೊಡನೆ ವಿಷ ಹಾಕುವವರಿದ್ದಾರೆ. ಗೊಬ್ಬರದ ಹುಳವೆಂದು ಸುಮ್ಮನಿರುವವರೂ ಇದ್ದಾರೆ. ಎರಡರಿಂದಲೂ ನಷ್ಟವೇ. ವಿಷದಿಂದ ಎರೆಹುಳು ಸಾಯುತ್ತದೆ. ಸುಮ್ಮನಿದ್ದರೆ ಬೇರುಹುಳವನ್ನು ನಾವೇ ತೋಟಕ್ಕೆ ಒಯ್ದು ನೆಟ್ಟಂತಾಗುತ್ತದೆ.

ಅನುಮಾನ ಬಂದ ಒಂದೆರಡು ತೊಟ್ಟೆಗಳ ಮಣ್ಣನ್ನು ಅಡಿಕೆ ಹಾಳೆಯ ಮೇಲೆ ಹರಡಿ, ಹುಳುವಿನ ತಲೆ ಮತ್ತು ಕಾಲುಗಳನ್ನು ನೋಡೋಣ.

1. ಕಾಲೂ ಇಲ್ಲ, ಬೇರೆಯಾಗಿ ತಲೆಯೂ ಇಲ್ಲ: ಕೆಂಪಗಿದ್ದರೆ ಎರೆಹುಳು. ನೂಲಿನಂತೆ ಬೆಳ್ಳಗಿದ್ದು ಸುಮಾರು ಒಂದು ಸೆಂಟಿಮೀಟರ್ ಉದ್ದವಿದ್ದರೆ ಅದು ಎರೆಹುಳುವಿನ ಸಣ್ಣ ಬಂಧು. ಎರಡೂ ಕೊಳೆತದ್ದನ್ನು ತಿನ್ನುವವು, ನಿರಪಾಯಕಾರಿ.

2. ಕಾಲಿಲ್ಲ, ಕರಿ ತಲೆ, ಪಾರದರ್ಶಕ ಮೈ: ಸಣ್ಣ ನೊಣದ ಮರಿ. ನೀರು ಹೆಚ್ಚಾದ ಸೂಚನೆ. ಮಣ್ಣಿನ ಮೇಲೆ ಬಟಾಟೆಯ ಹೋಳಿಟ್ಟರೆ ಅದರಡಿಗೆ ಬಂದು ಸೇರುತ್ತವೆ. ಮೇಲ್ಮಣ್ಣು ಒಣಗಲು ಬಿಟ್ಟರೆ ಕಡಿಮೆಯಾಗುತ್ತವೆ.

3. ಮೈತುಂಬ ಕಾಲು: ಚೋರಟೆ. ತರಗೆಲೆ ತಿಂದು ಬದುಕುವಂಥದು.

4. ತಲೆಯ ಹಿಂದೆ ಮೂರು ಜೊತೆ ಕಾಲು, ಕಂದು ತಲೆ, ಕೊಕ್ಕೆಯಂತೆ ಬಾಗಿದ ಬಿಳಿ ಮೈ: ಇಲ್ಲಿ ಎಚ್ಚರ ಬೇಕು. ಇದು ಕುರುವಾಯಿ ದುಂಬಿಯ ಮರಿಯೂ ಆಗಿರಬಹುದು, ಬೇರುಹುಳವೂ ಆಗಿರಬಹುದು. ಬಾಲದ ಕೆಳಬದಿಯನ್ನು ಭೂತಗನ್ನಡಿಯಿಂದ ನೋಡಬೇಕು. ಸಣ್ಣ ಮುಳ್ಳುಗಳು ಎರಡು ಸಾಲಾಗಿದ್ದರೆ ಬೇರುಹುಳ. ಅಲ್ಲಲ್ಲಿ ಚದುರಿದ್ದರೆ ಕುರುವಾಯಿ. ಕುರುವಾಯಿ ಮರಿ ಹಟ್ಟಿಗೊಬ್ಬರ ತಿನ್ನುತ್ತದೆ, ಸಸಿಯ ಬೇರನ್ನಲ್ಲ. ಆದರೆ ದುಂಬಿಯಾದ ಮೇಲೆ ತೆಂಗಿನ ಸುಳಿ ಕೊರೆಯುವುದರಿಂದ ಅದನ್ನೂ ಉಳಿಸಬಾರದು. ಬೇರುಹುಳ ಎಳೆಯದಿರುವಾಗ ಗೊಬ್ಬರ, ಹುಲ್ಲಿನ ಬೇರು ತಿಂದು, ಬೆಳೆದಂತೆ ಅಡಿಕೆಯ ಬೇರಿಗೆ ಬಾಯಿ ಹಾಕುತ್ತದೆ. ಆದುದರಿಂದ ಅಕ್ಕಿಕಾಳಿನಷ್ಟು ಚಿಕ್ಕದೆಂದು ಬಿಡಬಾರದು. ಎರಡನ್ನೂ ಹೆಕ್ಕಿ ಕೋಳಿಗೆ ಹಾಕುವುದು ಸುಲಭದ ದಾರಿ.

ಕಣ್ಣಿಗೆ ಕಾಣದ ವೈರಿಯೂ ಒಂದಿದೆ. ಅಡಿಕೆ, ಬಾಳೆ, ಕಾಳುಮೆಣಸು ಮೂರಕ್ಕೂ ತಗಲುವ ಬೇರು ಕೊರೆಯುವ ಜಂತುಹುಳು ಒಂದು ಮಿಲಿಮೀಟರ್ ಉದ್ದವೂ ಇಲ್ಲ. ಮಣ್ಣಿನಲ್ಲಿ ಹರಿದಾಡುವುದು ಕಂಡಿತೆಂದರೆ ಅದು ಈ ಜಂತುಹುಳುವಲ್ಲ. ಇದನ್ನು ಬೇರಿನ ಮೇಲಿನ ಕೆಂಗಂದು ಮಚ್ಚೆ ಮತ್ತು ಕೊಳೆತ ತುದಿಯಿಂದ ಊಹಿಸಬೇಕು. ಖಚಿತವಾಗಬೇಕಾದರೆ ಪ್ರಯೋಗಾಲಯದ ಪರೀಕ್ಷೆಯೇ ಆಗಬೇಕು.

ಅಡಿಕೆ ಸಸಿಗೆ ಮೇಲ್ಮಣ್ಣು, ಹಟ್ಟಿಗೊಬ್ಬರ, ಮರಳು 7:3:2 ಪ್ರಮಾಣ; ಘಟ್ಟದ ಮೇಲಿನ ಸದಸ್ಯರ ಕಾಫಿ ಸಸಿಗೆ 6:2:1. ಎರಡರಲ್ಲಿಯೂ ಈ ಮರಿಗಳು ಬರುವ ಮುಖ್ಯ ದಾರಿ ಗೊಬ್ಬರವೇ. ಚೆನ್ನಾಗಿ ಕಳಿತ ಗೊಬ್ಬರವನ್ನು ಒಣಗಿಸಿ, ಪುಡಿಮಾಡಿ, ಜರಡಿ ಹಿಡಿದು ಬೆರೆಸಿದರೆ ಅರ್ಧ ಕೆಲಸ ಆದಂತೆ.

ಹಿಂದೆ ಬೇರುಹುಳಕ್ಕೆ ಬಳಸುತ್ತಿದ್ದ ಫೋರೇಟ್ ಹರಳು 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಾಗಿದೆ. ಹಳೆಯ ಪೊಟ್ಟಣ ಮನೆಯಲ್ಲಿ ಉಳಿದಿದ್ದರೂ ಬಳಸಕೂಡದು.

ಸಸಿ ಕೊಳ್ಳುವಾಗ ಒಂದು ತೊಟ್ಟೆಯನ್ನು ಬಿಚ್ಚಿ ತೋರಿಸುವಂತೆ ಕೇಳಿರಿ. ಬೇರು ಕಡಿದಿದ್ದರೆ, ಬುಡ ಅಲುಗಾಡಿದರೆ ಆ ಸಾಲಿನ ಸಸಿ ಬೇಡ. ಗುರುತು ಸಿಗದ ಹುಳುವನ್ನು ಸ್ವಲ್ಪ ಮಣ್ಣಿನೊಂದಿಗೆ ಬಾಟಲಿಯಲ್ಲಿ ಹಾಕಿ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ತೋರಿಸಿರಿ. ಔಷಧದ ಮಾತು ಆಮೇಲೆ.